'ಬಸ್' ಗೊತ್ತು, ಅದನ್ನು ಇಂಗ್ಲಿಷ್ ವಾಕ್ಯದಲ್ಲಿ ಹೇಗೆ ಕೂರಿಸೋದು?

ತಡವಾಗಿ ಕಲಿಯುವವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹೊಲಿಗೆ ಕೆಲಸ ಮಾಡುವವಳು. ಮಗಳ ಹಳೇ ಪುಸ್ತಕ ಇಟ್ಟುಕೊಂಡು ಇಂಗ್ಲಿಷ್ ಕಲಿಯುತ್ತಿದ್ದೇನೆ. ಅದರಲ್ಲಿ 'ಬಸ್ ಪದ ಬಳಸಿ ವಾಕ್ಯ ಬರೆಯಿರಿ' ಅಂತಿದೆ. 'ದಿಸ್ ಈಸ್ ಎ ಬಸ್', 'ದ ಬಸ್ ಈಸ್ ಬಿಗ್' ಅಂತ ಬರೆದೆ. ಆದರೆ ಇದನ್ನು ಯಾರಿಗೆ ಹೇಳೋದು? ಎದುರಿಗೆ ನಿಂತಿರೋದು ಬಸ್ಸು ಅಂತ ಅವರಿಗೂ ಕಾಣಿಸ್ತಿರುತ್ತೆ!

ನನಗೆ ಬೇಕಿರೋದು 'ಬಸ್ ಹತ್ತಿದೆ', 'ಬಸ್ ತಪ್ಪಿತು', 'ಬಸ್ಸಲ್ಲಿದ್ದೀನಿ, ಆಮೇಲೆ ಫೋನ್ ಮಾಡ್ತೀನಿ', ಇಂಥವು. ಅದರ ಮೇಲೆ 'ಬೈ', 'ಇನ್', 'ಆನ್' ಮೂರನ್ನೂ ಜನ ಬಸ್ಸಿಗೆ ಸೇರಿಸೋದು ಕೇಳಿದ್ದೇನೆ. 'ಆನ್ ದ ಬಸ್' ಅಂದರೆ ಬಸ್ಸಿನ ಟಾಪ್ ಮೇಲೆ ಕೂತ ಹಾಗಾಗಲ್ವಾ?

ಸಂಜೆ ಕ್ಲಾಸಿನ ಮೇಷ್ಟ್ರು:

ಅಮ್ಮಾ, ಟಾಪ್ ಮೇಲೆ ಕೂತರೆ 'ಆನ್ ದ ರೂಫ್ ಆಫ್ ದ ಬಸ್' ಅಂತ ಬಿಡಿಸಿ ಹೇಳಬೇಕು. ಬರೀ 'ಆನ್ ದ ಬಸ್' ಅಂದರೆ ಪ್ರಯಾಣ ಮಾಡ್ತಿದ್ದೀರಿ ಅಂತಲೇ ಅರ್ಥ. ಯಾರೂ ಹೆದರಲ್ಲ.

ಈ ಪದದಲ್ಲಿ ಕಷ್ಟ ಇರೋದು 'ಬಸ್'ನಲ್ಲಿ ಅಲ್ಲ, ಅದರ ಅಕ್ಕಪಕ್ಕ ಬರೋ ಸಣ್ಣ ಪದಗಳಲ್ಲಿ. ನಮಗೆ 'ಬಸ್ಸಿನಲ್ಲಿ' ಅನ್ನೋ ಒಂದೇ ರೂಪ ಎಲ್ಲ ಕಡೆ ನಡೆಯುತ್ತೆ. ಬಸ್ಸಿನಲ್ಲಿ ಬಂದೆ, ಬಸ್ಸಿನಲ್ಲಿ ನಿದ್ದೆ ಮಾಡಿದೆ, ಬಸ್ಸಿನಲ್ಲಿ ಸೆಕೆ. ಇಂಗ್ಲಿಷಿನಲ್ಲಿ ಹೇಗೆ ಬಂದಿರಿ ಅಂತ ಹೇಳುವಾಗ 'ಐ ಕೇಮ್ ಬೈ ಬಸ್'. ಇಲ್ಲಿ 'ಎ' ಇಲ್ಲ, 'ದ' ಇಲ್ಲ. ಬಸ್ಸಿನಲ್ಲಿರುವಾಗ ಏನಾಯ್ತು ಅಂತ ಹೇಳೋದಾದರೆ 'ಐ ಸ್ಲೆಪ್ಟ್ ಆನ್ ದ ಬಸ್'. ಕೊಡೆ ಬಿಟ್ಟು ಇಳಿದರೆ 'ಐ ಲೆಫ್ಟ್ ಮೈ ಅಂಬ್ರೆಲಾ ಆನ್ ದ ಬಸ್'. 'ಇನ್ ದ ಬಸ್' ತಪ್ಪು ಅಂತ ಗದರಿಸುವವರಿದ್ದಾರೆ, ನಾನು ಗದರಿಸಲ್ಲ. ಒಳಗೆ ಹೇಗಿತ್ತು ಅನ್ನೋದೇ ಮುಖ್ಯವಾದರೆ 'ಇಟ್ ವಾಸ್ ಹಾಟ್ ಇನ್ ದ ಬಸ್' ಅನ್ನಬಹುದು. ಉಳಿದ ಕಡೆ 'ಆನ್' ಹಿಡ್ಕೊಳ್ಳಿ.

ಈಗ ಹತ್ತೋದು. 'ಐ ಕ್ಲೈಮ್ಡ್ ದ ಬಸ್' ಅಂದರೆ ಕೈಕಾಲು ಹಾಕಿ ಮರ ಏರಿದ ಹಾಗೆ ಕೇಳಿಸುತ್ತೆ. 'ಐ ಗಾಟ್ ಆನ್ ದ ಬಸ್' ಅನ್ನಿ. ಇಳಿಯೋದು 'ಗೆಟ್ ಆಫ್'. ನಮ್ಮವರು 'ಗೆಟ್ ಡೌನ್' ಅಂತಾರೆ. ನಮ್ಮೊಳಗೆ ಅರ್ಥ ಆಗುತ್ತೆ, ಹೊರಗಿನವರಿಗೆ ವಿಚಿತ್ರ ಅನಿಸುತ್ತೆ.

'ತಪ್ಪಿತು' ಅನ್ನೋದನ್ನು ಸ್ವಲ್ಪ ನಿಂತು ನೋಡಿ. ಕನ್ನಡದಲ್ಲಿ 'ನನಗೆ ಬಸ್ ತಪ್ಪಿತು' ಅಂತೀವಿ. ತಪ್ಪಿದ್ದು ಬಸ್ಸು, ನಾವು ಏನೂ ಮಾಡಿಲ್ಲ! ಇಂಗ್ಲಿಷಿನಲ್ಲಿ ಜವಾಬ್ದಾರಿ ನಮ್ಮ ತಲೆಗೇ ಬರುತ್ತೆ: 'ಐ ಮಿಸ್ಡ್ ದ ಬಸ್'. ಅದೇ 'ಓಡಿ ಹೋಗಿ ಬಸ್ ಹಿಡಿದೆ' ಅನ್ನೋದು ಎರಡೂ ಕಡೆ ಒಂದೇ ತರ, 'ಐ ರ್‍ಯಾನ್ ಅಂಡ್ ಕಾಟ್ ದ ಬಸ್'.

ಇನ್ನೊಂದು. ದೂರದಲ್ಲಿ ಬಸ್ ಕಂಡ ಕೂಡಲೇ ನಾವು 'ಬಸ್ ಬಂತು, ಬಂತು!' ಅಂತೀವಿ. ಅದು ಇನ್ನೂ ಬಂದಿರಲ್ಲ. ಹಾಗಾಗಿ 'ದ ಬಸ್ ಕೇಮ್' ಅನ್ನಬೇಡಿ. 'ಹಿಯರ್ ಕಮ್ಸ್ ದ ಬಸ್', ಇಲ್ಲಾ 'ದ ಬಸ್ ಈಸ್ ಕಮಿಂಗ್'.

ಪ್ರಶ್ನೆ ಮೇಲೆ ಪ್ರಶ್ನೆ:

ಮೇಷ್ಟ್ರೇ, ಹಾಗಾದ್ರೆ ಕಾರಿಗೆ ಯಾಕೆ 'ಆನ್' ಬರಲ್ಲ? 'ಐ ಆಮ್ ಆನ್ ದ ಕಾರ್' ಅಂದಿದ್ದಕ್ಕೆ ಆಫೀಸಲ್ಲಿ ಎಲ್ಲರೂ ನಕ್ಕರು.

ಸಂಜೆ ಕ್ಲಾಸಿನ ಮೇಷ್ಟ್ರು:

ಒಳಗೆ ಎದ್ದು ನಿಂತು ಓಡಾಡೋಕೆ ಆಗುವಂಥದ್ದಕ್ಕೆ 'ಆನ್': ಬಸ್, ಟ್ರೈನ್, ವಿಮಾನ, ಹಡಗು. ಬಗ್ಗಿ ಒಳಗೆ ತೂರಿ ಕೂರಬೇಕಾದ್ದಕ್ಕೆ 'ಇನ್': ಕಾರ್, ಟ್ಯಾಕ್ಸಿ. ಅದಕ್ಕೇ ಕಾರಿಗೆ 'ಗೆಟ್ ಇನ್', 'ಗೆಟ್ ಔಟ್'. ಸೈಕಲ್, ಬೈಕು, ಕುದುರೆ ಮತ್ತೆ 'ಆನ್', ಅವುಗಳ ಮೇಲೇ ಕೂರ್ತೀವಲ್ಲ. ಇದು ನೆನಪಿಟ್ಟುಕೊಳ್ಳೋಕೆ ಒಂದು ದಾರಿ ಅಷ್ಟೇ, ಕಾನೂನಲ್ಲ. ಹಾಗೇ 'ಬೈ ಕಾರ್' ಸರಿ, 'ಬೈ ಮೈ ಕಾರ್' ಬೇಡ. 'ಮೈ' ಬಂದ ಕೂಡಲೇ 'ಇನ್ ಮೈ ಕಾರ್'.

ಪದದ ಹುಚ್ಚ:

ಸುಮ್ನೆ ಒಂದು ಮಾತು ಸೇರಿಸ್ತೀನಿ. 'ಬಸ್' ಅನ್ನೋದು 'ಆಮ್ನಿಬಸ್'ನ ಬಾಲ. ಲ್ಯಾಟಿನ್‌ನಲ್ಲಿ ಅದಕ್ಕೆ 'ಎಲ್ಲರಿಗಾಗಿ' ಅಂತ ಅರ್ಥ. ಫ್ರಾನ್ಸಿನ ನಾಂತ್ ಊರಿನಲ್ಲಿ ಸ್ಟಾನಿಸ್ಲಾಸ್ ಬೋದ್ರಿ 1826ರಲ್ಲಿ ಕುದುರೆ ಗಾಡಿ ಓಡಿಸೋಕೆ ಶುರು ಮಾಡಿದ್ದು ಈ ಹೆಸರಲ್ಲೇ. 1829ರಲ್ಲಿ ಜಾರ್ಜ್ ಶಿಲ್ಲಿಬೀರ್ ಅದನ್ನು ಲಂಡನ್ನಿಗೆ ತಂದ. ಮಜಾ ಏನಂದ್ರೆ 'ಎಲ್ಲರು' ಕಳಚಿಕೊಂಡು 'ಇಗಾಗಿ' ಮಾತ್ರ ಉಳಿದ ಹಾಗಾಯ್ತು!

ಲ್ಯಾಟಿನ್ ಪದ ಅಂತ ಬಹುವಚನಕ್ಕೆ ಏನೇನೋ ಮಾಡೋಕೆ ಹೋಗಬೇಡಿ. 'ಇ-ಎಸ್' ಸೇರಿಸಿದರೆ ಸಾಕು, 'ಬಸಿಸ್'. ಕನ್ನಡದಲ್ಲಿ 'ಎರಡು ಬಸ್ ಹೋಯ್ತು' ನಡೆಯುತ್ತೆ. ಇಂಗ್ಲಿಷಿನಲ್ಲಿ 'ಟೂ ಬಸ್' ನಡೆಯಲ್ಲ.

ತಡವಾಗಿ ಕಲಿಯುವವಳು:

ತುಂಬಾ ಥ್ಯಾಂಕ್ಸ್. ನಾನು ದಿನಾ ಹೇಳೋ ಮಾತುಗಳನ್ನೇ ಬರೆದು ನೋಡಿದೆ. ನೋಡಿ ಹೇಳಿ ಮೇಷ್ಟ್ರೇ:

'ಐ ಆಮ್ ಆನ್ ದ ಬಸ್. ಐ ವಿಲ್ ಕಾಲ್ ಯೂ ಲೇಟರ್.'
'ದ ಬಸ್ ಹ್ಯಾಸ್ ನಾಟ್ ಕಮ್ ಯೆಟ್.'
'ಟುಡೇ ಬಸ್ ವಾಸ್ ಫುಲ್ ರಶ್.'
'ಐ ವಿಲ್ ಕಾಲ್ ಯೂ ವೆನ್ ಐ ವಿಲ್ ಗೆಟ್ ಆಫ್.'

ಸಂಜೆ ಕ್ಲಾಸಿನ ಮೇಷ್ಟ್ರು:

ಮೊದಲಿನ ಎರಡಕ್ಕೆ ಕೈ ಹಾಕೋದೇ ಬೇಡ. ಪುಸ್ತಕದ 'ಬಸ್ ಈಸ್ ಬಿಗ್'ಗಿಂತ ಇವು ಸಾವಿರ ಪಾಲು ಮೇಲು.

ಮೂರನೆಯದು: 'ಫುಲ್ ರಶ್' ನಮ್ಮ ಕಡೆಯ ಮಾತು. 'ದ ಬಸ್ ವಾಸ್ ಪ್ಯಾಕ್ಡ್ ಟುಡೇ' ಅನ್ನಿ, 'ಕ್ರೌಡೆಡ್' ಆದರೂ ಸರಿ. ಯಾವ ಬಸ್ ಅಂತ ನಿಮಗೆ ಗೊತ್ತಿದೆಯಲ್ಲ, ಅದಕ್ಕೆ 'ದ' ಬೇಕು.

ನಾಲ್ಕನೆಯದು: 'ವೆನ್' ಆದ ಮೇಲೆ ಇನ್ನೊಂದು 'ವಿಲ್' ಬೇಡ. 'ಐ ವಿಲ್ ಕಾಲ್ ಯೂ ವೆನ್ ಐ ಗೆಟ್ ಆಫ್.' ಇಳಿದ ತಕ್ಷಣ ಅನ್ನಬೇಕಾದರೆ 'ವೆನ್' ತೆಗೆದು 'ಆಸ್ ಸೂನ್ ಆಸ್' ಹಾಕಿ. ಮುಂದಿನ ಸಲ ಬಸ್ ಕೆಟ್ಟು ನಿಂತಿದ್ದನ್ನು ಬರೆದು ಹಾಕಿ. 'ಬ್ರೋಕ್ ಡೌನ್' ಬೇಕಾಗುತ್ತೆ.