ಶುಗರ್ ಇದೆ, ಬರಿಗಾಲ ಹರಕೆಯೂ ಇದೆ: ಧರ್ಮಸ್ಥಳಕ್ಕೆ ನಡೆಯಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಭದ್ರಾವತಿ, ನನಗೆ 52 ವರ್ಷ. ಎಂಟು ವರ್ಷದಿಂದ ಶುಗರ್ ಇದೆ, ಮಾತ್ರೆ ತಗೋತೀನಿ. ಮಗಳ ಹೆರಿಗೆ ಸುಸೂತ್ರ ಆದರೆ ಶಿವರಾತ್ರಿಗೆ ಬರಿಗಾಲಲ್ಲಿ ಧರ್ಮಸ್ಥಳಕ್ಕೆ ನಡೆದು ಬರ್ತೀನಿ ಅಂತ ಹರಕೆ ಹೊತ್ತಿದ್ದೆ. ಮಂಜುನಾಥ ನಡೆಸಿಕೊಟ್ಟ. ನಮ್ಮ ಬೀದಿಯ ಹನ್ನೊಂದು ಜನ ತರೀಕೆರೆ, ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಮೇಲೆ ಹೊರಡ್ತಿದ್ದೇವೆ. ಆರು ದಿನದ ಲೆಕ್ಕ. ಇನ್ನೂ ಎರಡು ತಿಂಗಳಿದೆ. ಏನು ತಯಾರಿ ಮಾಡಲಿ?

ಉತ್ತರ: ನಮಸ್ಕಾರ ಅಕ್ಕಾ. ನಾನು ಫಿಸಿಯೋಥೆರಪಿಸ್ಟ್. ಕಾಲಿನ ವಿಷಯ ಹೇಳ್ತೀನಿ, ಮಾತ್ರೆಯ ವಿಷಯ ನಿಮ್ಮ ಡಾಕ್ಟರನ್ನೇ ಕೇಳಬೇಕು. ಮೊದಲು ನಿಮಗೆ ಇಷ್ಟವಾಗದ ಮಾತು: ಪೂರ್ತಿ ದಾರಿ ಬರಿಗಾಲು ಬೇಡ. ಶುಗರ್ ಹಳೆಯದಾದಂತೆ ಅನೇಕರಿಗೆ ಅಂಗಾಲಿನ ಸ್ಪರ್ಶ ಮಂಕಾಗುತ್ತದೆ. ಆಗ ಕಾದ ಟಾರು ಸುಟ್ಟರೂ, ಗಾಜು ಚುಚ್ಚಿದರೂ ಗೊತ್ತಾಗಲ್ಲ. ಗೊತ್ತಾಗುವಷ್ಟರಲ್ಲಿ ಗಾಯ ಕೀವಾಗಿರುತ್ತದೆ. ಹೊರಡುವ ಮುಂಚೆ ಡಾಕ್ಟರ ಹತ್ತಿರ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ. ತೆಳ್ಳನೆ ನೈಲಾನ್ ಎಳೆ ಮುಟ್ಟಿಸಿ ಗೊತ್ತಾಗುತ್ತಾ ಅಂತ ಕೇಳ್ತಾರೆ, ಐದು ನಿಮಿಷದ ಕೆಲಸ.

ಆರು ದಿನ ಅಂದರೆ ದಿನಕ್ಕೆ 25ರಿಂದ 30 ಕಿ.ಮೀ. ಇವತ್ತಿನಿಂದ ದಿನಾ 4 ಕಿ.ಮೀ. ನಡೆಯಿರಿ, ವಾರ ವಾರ ಸ್ವಲ್ಪ ಏರಿಸಿ. ಕೊನೆಯ ವಾರಗಳಲ್ಲಿ ಒಂದು ಶನಿವಾರ, ಅದರ ಮಾರನೇ ದಿನ ಭಾನುವಾರ, ಎರಡೂ ದಿನ 20 ಕಿ.ಮೀ. ನಡೆದು ನೋಡಿ. ಒಂದು ದಿನ ಯಾರು ಬೇಕಾದರೂ ನಡೀತಾರೆ. ಮಾರನೇ ಬೆಳಿಗ್ಗೆ ಮಂಚದಿಂದ ಇಳಿಯುವಾಗ ಕಾಲು ಏನು ಹೇಳುತ್ತೆ ಅನ್ನೋದೇ ಪರೀಕ್ಷೆ.

ಎಲ್ಲರೂ ಘಾಟಿ ಹತ್ತೋದಕ್ಕೆ ಹೆದರ್ತಾರೆ. ನಿಮ್ಮ ದಾರಿಯಲ್ಲಿ ಕಾಲು ಮುರಿಯೋದು ಇಳಿಜಾರು. ಕೊಟ್ಟಿಗೆಹಾರ ದಾಟಿದ ಮೇಲೆ ಚಾರ್ಮಾಡಿ ಇಳಿದೇ ಇಳೀತದೆ. ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗ ಮೈಭಾರ ತಡೆದು ಬ್ರೇಕ್ ಹಾಕಬೇಕು. ಆ ನೋವು ಅವತ್ತಲ್ಲ, ಮಾರನೇ ದಿನ ಬರುತ್ತದೆ. ನಾನೇ ಒಂದು ವರ್ಷ, ಹೊರಡೋಕೆ ವಾರ ಮುಂಚೆಯಷ್ಟೇ ತಗೊಂಡ ಶೂ ಹಾಕಿಕೊಂಡು ಹೋಗಿದ್ದೆ. ಊರಿಗೆಲ್ಲ ಬುದ್ಧಿ ಹೇಳೋನು! ಮೂರನೇ ತಿರುವಿನಲ್ಲಿ ತಡೆಗೋಡೆ ಮೇಲೆ ಕೂತು ಸಾಕ್ಸ್ ಎಳೆದರೆ, ಹೆಬ್ಬೆರಳ ಉಗುರು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೆರಳು ಶೂ ಮುಂಭಾಗಕ್ಕೆ ಗುದ್ದಿ ಗುದ್ದಿ ಹಾಗಾಗಿತ್ತು. ಅದಕ್ಕೇ ಶೂ ಈಗಲೇ ತಗೊಳ್ಳಿ. ಸಂಜೆ ಹೊತ್ತು, ಕಾಲು ಊದಿಕೊಂಡಿರುವಾಗ ಅಳತೆ ನೋಡಿ. ಮುಂದೆ ಹೆಬ್ಬೆರಳಗಲ ಜಾಗ ಇರಲಿ. ಉಗುರು ವಾರ ಮುಂಚೆ ನೇರವಾಗಿ ಕತ್ತರಿಸಿ. ಮನೆ ಮೆಟ್ಟಿಲಲ್ಲಿ ನಿಧಾನ ಇಳಿಯೋದನ್ನ ರೂಢಿ ಮಾಡಿ, ಹತ್ತೋದು ತಾನಾಗೇ ಬರುತ್ತೆ.

ಪ್ರಶ್ನೆ: ಹರಕೆ ತಪ್ಪಿದ ಹಾಗೆ ಆಗಲ್ವಾ ಸರ್?

ಉತ್ತರ: ಅದನ್ನ ಹೇಳೋಕೆ ನಾನು ಯಾರು ಅಕ್ಕಾ? ಮನೆಯ ಹಿರಿಯರನ್ನೋ ಪುರೋಹಿತರನ್ನೋ ಕೇಳಿ. ನನ್ನ ಹತ್ತಿರ ಬರೋ ಕೆಲವರು ದಾರಿಯೆಲ್ಲ ಶೂ ಹಾಕಿ, ನೇತ್ರಾವತಿ ಸ್ನಾನಘಟ್ಟದಲ್ಲಿ ಮಿಂದು ಅಲ್ಲಿಂದ ಬರಿಗಾಲಲ್ಲಿ ಹೋಗ್ತಾರೆ. ಸ್ಪರ್ಶ ಪರೀಕ್ಷೆ ಸರಿ ಬಂದು, ಟಾರು ತಣ್ಣಗಿರುವ ಬೆಳಗಿನ ಜಾವ ಆದರೆ ಅಷ್ಟಕ್ಕೆ ನಾನು ಅಡ್ಡಿ ಹೇಳಲ್ಲ. ಪರೀಕ್ಷೆಯಲ್ಲಿ ಕಮ್ಮಿ ಬಂದರೆ ಅದೂ ಬೇಡ.

ಇನ್ನೊಬ್ಬರು: ನಾನು ಏಳು ಸಲ ನಡೆದಿದ್ದೇನೆ. ಗುಳ್ಳೆ ಬಂದರೆ ಸೂಜಿ ದಾರ ಪೋಣಿಸಿ ದಾರ ಅಲ್ಲೇ ಬಿಡಿ, ನೀರು ಇಳಿಯುತ್ತೆ. ಮತ್ತೆ ಕೊಟ್ಟಿಗೆಹಾರದ ನೀರ್ ದೋಸೆ ಬಿಡಬೇಡಿ.

ಉತ್ತರ: ನೀರ್ ದೋಸೆಗೆ ನನ್ನ ಓಟು. ದಾರಕ್ಕೆ ಇಲ್ಲ. ಆ ದಾರದ ಗುಂಟ ಸೋಂಕು ಒಳಗೆ ಹೋಗುತ್ತದೆ, ಶುಗರ್ ಇರುವವರಿಗಂತೂ ಬೇಡವೇ ಬೇಡ. ಚರ್ಮ ಬಿಸಿಯಾಗಿ ಉರಿ ಅನ್ನಿಸಿದ ಕೂಡಲೇ ನಿಂತು ಪೇಪರ್ ಟೇಪ್ ಅಂಟಿಸಿ. 'ಮುಂದಿನ ಟೀ ಅಂಗಡೀಲಿ ನೋಡೋಣ' ಅಂದರೆ ಗುಳ್ಳೆ ಎದ್ದಿರುತ್ತೆ. ಎದ್ದರೆ ಚರ್ಮ ಕೀಳಬೇಡಿ, ಮುಚ್ಚಿ ಕಟ್ಟಿ. ಮಧ್ಯಾಹ್ನ ಸಾಕ್ಸ್ ಬದಲಿಸಿ. ರಾತ್ರಿ ಮಲಗುವ ಮುಂಚೆ ಜೊತೆಯವರಿಗೆ ಟಾರ್ಚ್ ಕೊಟ್ಟು ಅಂಗಾಲು ತೋರಿಸಿ.

ಅಕ್ಕಾ, ಇನ್ನೊಂದು. ಇಷ್ಟು ನಡೆದರೆ ಶುಗರ್ ಇಳಿಯುತ್ತೆ. ಆ ಆರು ದಿನ ಮಾತ್ರೆ ಎಷ್ಟು ಅಂತ ಡಾಕ್ಟರನ್ನು ಕೇಳಿ, ನೀವೇ ಕಮ್ಮಿ ಮಾಡಬೇಡಿ. ಕೈ ನಡುಕ, ತಣ್ಣನೆ ಬೆವರು, ಇದ್ದಕ್ಕಿದ್ದಂತೆ ಹಸಿವು ಬಂದರೆ ಕೂತುಬಿಡಿ, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷಕ್ಕೂ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿದು ಆಸ್ಪತ್ರೆಗೆ ಹೊರಡಿ. ಪೊಟ್ಟಣ ನಿಮ್ಮ ಸೊಂಟದ ಚೀಲದಲ್ಲೇ ಇರಲಿ, ಲಗೇಜ್ ಗಾಡಿಯಲ್ಲಿ ಅಲ್ಲ.

ಪ್ರಶ್ನೆ: ಕಾಡು ದಾರಿಯಲ್ಲಿ ಮಧ್ಯಾಹ್ನ ಮರದಡಿ ಮಲಗಬಹುದಾ?

ಉತ್ತರ: ದರಗಿನ (ಉದುರಿದ ಒಣ ಎಲೆಗಳ) ಮೇಲೆ ಬೇಡ. ಶಿವರಾತ್ರಿ ಹೊತ್ತು ನಮ್ಮ ಕಡೆ ಉಣುಗಿನ ಕಾಲ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ 1957ರಲ್ಲಿ, ಸೊರಬದ ಕ್ಯಾಸನೂರು ಕಾಡಲ್ಲಿ. ಅದನ್ನ ಹರಡೋದು ಈ ಉಣುಗು. ಅಂಗಡಿ ಜಗಲಿ, ದೇವಸ್ಥಾನದ ಪ್ರಾಂಗಣ ನೋಡಿಕೊಳ್ಳಿ. ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಸಿಕ್ಕರೆ ಕಾಲಿಗೆ ಹಚ್ಚಿ. ಸಂಜೆ ಬಟ್ಟೆ ಕೊಡವಿ, ಮಂಡಿ ಹಿಂದೆ, ಸೊಂಟದ ಪಟ್ಟಿ ಹತ್ತಿರ ನೋಡಿಕೊಳ್ಳಿ. ವಾಪಸ್ ಬಂದ ಮೇಲೆ ಜ್ವರ ಬಂದರೆ 'ನಡೆದ ಸುಸ್ತು' ಅಂತ ಸುಮ್ನಿರಬೇಡಿ, ಕಾಡಲ್ಲಿ ಓಡಾಡಿದ್ದು ಡಾಕ್ಟರಿಗೆ ಹೇಳಿ.

ಪ್ರಶ್ನೆ: ಆಯ್ತು ಸರ್. ನಾಳೆಯಿಂದಲೇ ಶುರು. ಶೂ ತಗೊಂಡು ಫೋಟೋ ಹಾಕ್ತೀನಿ, ಸರಿ ಇದೆಯಾ ಹೇಳಿ.

ಉತ್ತರ: ಶೂ ಫೋಟೋ ಜೊತೆ ಸಾಕ್ಸ್ ಬಿಚ್ಚಿದ ಪಾದದ್ದೂ ಹಾಕಿ ಅಕ್ಕಾ. ನಂಗೆ ಅದೇ ಮುಖ್ಯ.