ಜೋರು ಕೊಟ್ಟರೆ ನಿಲ್ಲುವ ಹಳೇ ಔಟ್‌ಬೋರ್ಡ್: ಕಾರ್ಬೊರೇಟರ್ ಬದಲಿಸಬೇಕಾ?

ಕೋಡಿಬಾಗದ ದೋಣಿಯವ:
ನಮ್ಮ ನಾಡದೋಣಿಗೆ ಅಪ್ಪನ ಕಾಲದ ಟೂ ಸ್ಟ್ರೋಕ್ ಸೀಮೆಎಣ್ಣೆ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್) ಇದೆ. ಪೆಟ್ರೋಲಿನಲ್ಲಿ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ ಕಾಳಿ ಹೊಳೆಯೊಳಗೆ ನಿಧಾನಕ್ಕೆ ಹೋದರೆ ತೊಂದರೆ ಇಲ್ಲ. ಹೊಳೆ ಸಮುದ್ರ ಸೇರುವ ಅಳಿವೆ ಹತ್ತಿರ ಫುಲ್ ಕೊಟ್ಟರೆ ಸ್ವಲ್ಪ ಹೊತ್ತಿಗೆ ರೇಸ್ ಇಳಿದು ನಿಂತೇ ಹೋಗುತ್ತದೆ. ಸುಮ್ನೆ ಬಿಟ್ಟರೆ ಮತ್ತೆ ಹೊರಡುತ್ತದೆ. ಪ್ಲಗ್ ಹೊಸದು, ಕಾರ್ಬೊರೇಟರಿನ ಜೆಟ್ (ಎಣ್ಣೆ ಹಾಯುವ ಸಣ್ಣ ತೂತಿನ ತುಂಡು) ಬಿಚ್ಚಿ ಊದಿಸಿದ್ದೂ ಆಯಿತು. ತೆರೆ ಏಳುವ ಜಾಗದಲ್ಲೇ ಎಂಜಿನ್ ಕೈಕೊಟ್ಟರೆ ದೋಣಿ ಅಡ್ಡ ತಿರುಗುತ್ತದೆ. ತಮ್ಮನೂ ಜೊತೆಗಿರುತ್ತಾನೆ, ಅದಕ್ಕೇ ಹೆದರಿಕೆ. ಕಾರ್ಬೊರೇಟರ್ ಬದಲಿಸಲಾ?

ಬೈತಖೋಲದ ರಿಪೇರಿಯವ:
ಈಗಲೇ ದುಡ್ಡು ಹಾಕಬೇಡ ತಮ್ಮಾ. ನಿಧಾನಕ್ಕೆ ಓಡಿ, ಜೋರು ಕೊಟ್ಟಾಗ ನಿಲ್ಲುತ್ತದೆ ಅಂದರೆ ಎಂಜಿನ್ನಿಗೆ ಬೇಕಾದಷ್ಟು ಸೀಮೆಎಣ್ಣೆ ಟ್ಯಾಂಕಿನ ಕಡೆಯಿಂದ ಬರುತ್ತಿಲ್ಲ ಅನ್ನಿಸುತ್ತದೆ. ರೇಸ್ ಇಳಿಯುವ ಹೊತ್ತಿಗೆ ಟ್ಯಾಂಕಿನಿಂದ ಎಂಜಿನ್ನಿಗೆ ಬರುವ ಪೈಪಿನ ನಡುವಿನ, ಕೈಯಲ್ಲಿ ಹಿಂಡುವ ರಬ್ಬರ್ ಬಲ್ಬ್ ಮುಟ್ಟಿ ನೋಡು.

ಬಲ್ಬ್ ಚಪ್ಪಟೆಯಾಗಿದ್ದರೆ ತಡೆ ಇರುವುದು ಟ್ಯಾಂಕಿಗೂ ಬಲ್ಬಿಗೂ ನಡುವೆ. ಮೊದಲು ಟ್ಯಾಂಕಿನ ಮುಚ್ಚಳ ಸಡಿಲಿಸು. ಬುಸ್ ಅಂತ ಗಾಳಿ ಒಳಗೆ ಹೋದರೆ ಗಾಳಿ ತೂತು ಕಟ್ಟಿದೆ, ಉಪ್ಪು ಕೂತಿರುತ್ತದೆ. ಅದಲ್ಲದಿದ್ದರೆ ಒಳಗಿನ ಜಾಲರಿ, ಆಮೇಲೆ ಪೈಪು. ಬಲ್ಬ್ ಗುಂಡಗೇ ಇದ್ದು, ನೀನು ಹಿಂಡಿದಾಗ ಎಂಜಿನ್ ಚೇತರಿಸಿಕೊಂಡರೆ ಎಣ್ಣೆ ಎಳೆಯುವ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪರದೆ) ನೋಡು. ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತೂ ಕಾಣುತ್ತದೆ. ಎಲ್ಲೋ ಜಾಯಿಂಟಿನಲ್ಲಿ ಗಾಳಿ ಎಳೆದರೂ ಹೀಗೇ ಆಗುತ್ತದೆ.

ಇನ್ನೊಂದು ಮಾತು. ಆಯಿಲ್ ಸೀಮೆಎಣ್ಣೆಯಲ್ಲೇ ಬೆರೆಸಿರುತ್ತೀಯಲ್ವಾ? ಸೀಮೆಎಣ್ಣೆ ಕಡಿಮೆ ಬಂದರೆ ಆಯಿಲ್ಲೂ ಕಡಿಮೆ. ಹೀಗೇ ಓಡಿಸಿದರೆ ಪಿಸ್ಟನ್ ಜಾಮ್ ಆಗುತ್ತದೆ. ಸರಿಯಾಗುವ ತನಕ ಫುಲ್ ಕೊಡಲೇಬೇಡ.

ತದಡಿಯವ:
ನೀರನ್ನೂ ನೋಡಿ. ಕಾರ್ಬೊರೇಟರಿನ ಬಟ್ಟಲಿನ ಎಣ್ಣೆಯನ್ನು ಗಾಜಿನ ಬಾಟಲಿಗೆ ಬಸಿದು ಸ್ವಲ್ಪ ಹೊತ್ತು ಇಡಿ. ನೀರಿದ್ದರೆ ತಳಕ್ಕೆ ಇಳಿದು ಗೆರೆ ಎದ್ದು ಕಾಣುತ್ತದೆ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ಇಟ್ಟರೆ ಒಳಗೆ ತೇವ ಕಟ್ಟುತ್ತದೆ. ಈಗ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದು ನೀರು ಎಳೆದುಕೊಳ್ಳುತ್ತದೆ. ಹಳೇ ರಬ್ಬರಿಗೂ ಒಳ್ಳೆಯದಲ್ಲ.

ಕೋಡಿಬಾಗದ ದೋಣಿಯವ:
ಅಣ್ಣಾ, ಬಲ್ಬ್ ಚಪ್ಪಟೆಯಾಗಿತ್ತು! ಮುಚ್ಚಳ ಸಡಿಲಿಸಿದರೂ ಹಾಗೇ. ಜಾಲರಿ ಚೊಕ್ಕ ಇತ್ತು, ನೀರೂ ಇಲ್ಲ. ಟ್ಯಾಂಕ್ ಕಡೆಯ ಪೈಪನ್ನು ಉದ್ದಕ್ಕೆ ಸೀಳಿ ನೋಡಿದೆ. ಹೊರಗೆ ಒಂದು ಬಿರುಕಿಲ್ಲ, ಒಳಗಿನ ಪದರ ಮಾತ್ರ ಎದ್ದು ನಾಲಿಗೆಯ ಹಾಗೆ ಜೋತುಬಿದ್ದಿದೆ. ಜೋರಾಗಿ ಎಳೆದಾಗ ಅದೇ ದಾರಿ ಮುಚ್ಚುತ್ತಿತ್ತು.

ಬೈತಖೋಲದ ರಿಪೇರಿಯವ:
ಸಿಕ್ಕಿತಲ್ಲ! ಬಲ್ಬಿನ ಎರಡೂ ಕಡೆಯ ಪೈಪ್ ಬದಲಿಸು, ಇನ್ನೊಂದು ತುಂಡಿಗೂ ಅಷ್ಟೇ ವಯಸ್ಸು. ಪೆಟ್ರೋಲಿಗೆ ತಡೆಯುವ ಪೈಪೇ ಕೇಳು, ನೀರಿನ ಪೈಪ್ ಬೇಡ. ಒಳಗಿನ ತೂತು ಮೊದಲಿನಷ್ಟೇ ಇರಲಿ. ಬಲ್ಬಿನ ಮೇಲಿನ ಬಾಣ ಎಂಜಿನ್ ಕಡೆಗೆ ಬರಬೇಕು. ಮೊದಲು ಹೊಳೆಯೊಳಗೇ ಫುಲ್ ಕೊಟ್ಟು, ಮುಂಚೆ ನಿಲ್ಲುತ್ತಿದ್ದುದಕ್ಕಿಂತ ಜಾಸ್ತಿ ಹೊತ್ತು ಓಡಿಸಿ ನೋಡು. ಆಮೇಲೆ ಅಳಿವೆ ದಾಟು. ಹುಟ್ಟು, ಲಂಗರು ದೋಣಿಯಲ್ಲೇ ಇರಲಿ.