ಹುಡುಕಿದ ಪದಕ್ಕೆ ಬಣ್ಣ ಹಚ್ಚಲು ಯಾವ ಹೈಲೈಟರ್?

ಪ್ರಶ್ನೆ:
ಎಲಾಸ್ಟಿಕ್‌ಸರ್ಚ್ ಅನ್ನುವ ಹುಡುಕಾಟದ ಸಾಫ್ಟ್‌ವೇರ್‌ನಲ್ಲಿ ಕನ್ನಡ ಲೇಖನಗಳನ್ನು ಹುಡುಕುವ ಪುಟ ಮಾಡಿದ್ದೇನೆ. ಟೈಪ್ ಮಾಡುತ್ತಿದ್ದ ಹಾಗೇ ಫಲಿತಾಂಶ ಬರಲಿ ಅಂತ ಎಡ್ಜ್ ಎನ್‌ಗ್ರಾಮ್ (ಪದದ ಆರಂಭದ ತುಂಡುಗಳನ್ನೂ ಇಂಡೆಕ್ಸ್‌ಗೆ ಸೇರಿಸುವ ವಿಧಾನ) ಹಾಕಿದ್ದೇನೆ, ಅದು ಚೆನ್ನಾಗಿಯೇ ಓಡುತ್ತಿದೆ. ತಲೆನೋವು ಹೈಲೈಟ್‌ದು. ‘ಕನ’ ಅಂತ ಹೊಡೆದರೆ ‘ಕನ್ನಡ’ ಪದದಲ್ಲಿ ಕ, ನ ಎರಡೇ ಬೋಲ್ಡ್ ಆಗಿ, ಒತ್ತಕ್ಷರ ಅಲ್ಲಿಂದ ಕಿತ್ತುಕೊಂಡು ಒಂದು ಚುಕ್ಕಿ ವೃತ್ತಕ್ಕೆ ನೇತುಬೀಳುತ್ತದೆ. ನೋಡೋಕೆ ಅಸಹ್ಯ. ಮೊದಲು ಬ್ರೌಸರ್‌ನಲ್ಲೇ ರೆಗೆಕ್ಸ್‌ನಿಂದ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಮಾಡುತ್ತಿದ್ದೆ, ಆಮೇಲೆ ಎಲಾಸ್ಟಿಕ್‌ಸರ್ಚ್‌ನದೇ ಪ್ಲೇನ್ ಹೈಲೈಟರ್ ಹಾಕಿದೆ, ಅದೇ ಕಥೆ. ಅದರಲ್ಲೇ ಇರುವ ಇನ್ನೆರಡು ಹೈಲೈಟರ್‌ಗಳಲ್ಲಿ ಯೂನಿಫೈಡ್‌ಗೆ ಹೋಗಲಾ, ಫಾಸ್ಟ್ ವೆಕ್ಟರ್‌ಗೆ ಹೋಗಲಾ?

ಉತ್ತರ 1:
ಯೂನಿಫೈಡ್. ಏನೂ ಹೇಳದಿದ್ದರೆ ಎಲಾಸ್ಟಿಕ್‌ಸರ್ಚ್ ತಾನಾಗಿಯೇ ಬಳಸುವುದೂ ಅದನ್ನೇ. ಪಠ್ಯವನ್ನು ವಾಕ್ಯಗಳಾಗಿ ಒಡೆದು, ಒಂದೊಂದು ವಾಕ್ಯಕ್ಕೂ ಬಿಎಂ25 (ಹುಡುಕಿದ ಪದಕ್ಕೆ ಎಷ್ಟು ಹೊಂದುತ್ತದೆ ಎಂದು ಅಳೆಯುವ ಸೂತ್ರ) ಲೆಕ್ಕದಲ್ಲಿ ಅಂಕ ಕೊಟ್ಟು, ಒಳ್ಳೆಯ ತುಣುಕನ್ನು ಮೇಲಕ್ಕೆ ತರುತ್ತದೆ. ಫಾಸ್ಟ್ ವೆಕ್ಟರ್ ಬೇಕು ಅಂದರೆ ಆ ಫೀಲ್ಡ್‌ಗೆ ಟರ್ಮ್ ವೆಕ್ಟರ್ (ಯಾವ ಪದ ಎಲ್ಲೆಲ್ಲಿದೆ ಅನ್ನುವ ಪಟ್ಟಿ) ಉಳಿಸಿಡಬೇಕು, ಇಂಡೆಕ್ಸ್ ಊದಿಕೊಳ್ಳುತ್ತದೆ. ಒಂದೊಂದು ದಾಖಲೆಯೂ ಪುಸ್ತಕದಷ್ಟು ಉದ್ದ ಇದ್ದರೆ ಮಾತ್ರ ಆ ದಾರಿ ಯೋಚಿಸಿ. ಏನೂ ಉಳಿಸಿಡದೆ ಹಾಗೇ ಬಿಟ್ಟರೆ ಹೈಲೈಟರ್ ಪ್ರತಿ ಸಲವೂ ಪಠ್ಯವನ್ನು ಮತ್ತೆ ವಿಶ್ಲೇಷಿಸುತ್ತದೆ, 10 ಲಕ್ಷ ಅಕ್ಷರ ದಾಟಿದರೆ ಎರರ್ ಕೊಡುತ್ತದೆ. ಲೇಖನಗಳಿಗೆ ಅಷ್ಟೆಲ್ಲ ಆಗಲ್ಲ ಬಿಡಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ಅದರಿಂದ ನಿಮ್ಮ ಒತ್ತಕ್ಷರ ವಾಪಸ್ ಬರಲ್ಲ. ಹೈಲೈಟರ್ ಯಾವುದೇ ಇರಲಿ, ಪದ ಎಲ್ಲಿ ಶುರು ಎಲ್ಲಿ ಮುಗಿಯಿತು ಅನ್ನುವುದನ್ನು ಅದು ಅನಲೈಜರ್‌ನಿಂದಲೇ (ಪಠ್ಯವನ್ನು ಹುಡುಕಾಟಕ್ಕೆ ತಕ್ಕ ತುಂಡುಗಳಾಗಿ ಮಾಡುವ ಭಾಗ) ಕೇಳಿ ತಿಳಿಯುವುದು. ನೀವು ಎಡ್ಜ್ ಎನ್‌ಗ್ರಾಮ್ ಅನ್ನು ಟೋಕನೈಜರ್ (ಪಠ್ಯವನ್ನು ಮೊದಲು ಒಡೆಯುವ ಹಂತ) ಆಗಿ ಹಾಕಿದ್ದೀರಿ ಅನ್ನಿಸುತ್ತೆ, ಅಲ್ವಾ? ಹಾಗಿದ್ದರೆ ‘ಕನ’ ಅನ್ನುವ ತುಂಡಿಗೆ ಎರಡೇ ಅಕ್ಷರದ ಅಳತೆ ಸಿಗುತ್ತದೆ, ಹಲಂತ ಚಿಹ್ನೆ (ಅದೇ, ಒತ್ತಕ್ಷರ ಕೂಡಿಸುವ ‘್’) ಹೊರಗೆ ಉಳಿಯುತ್ತದೆ. ಸ್ಟ್ಯಾಂಡರ್ಡ್ ಟೋಕನೈಜರ್ ಇಟ್ಟು ಎಡ್ಜ್ ಎನ್‌ಗ್ರಾಮ್ ಅನ್ನು ಫಿಲ್ಟರ್ (ಒಡೆದಾದ ಮೇಲಿನ ಹಂತ) ಆಗಿ ಹಾಕಿ. ಆಗ ಪ್ರತಿ ತುಂಡಿಗೂ ಪೂರ್ತಿ ಪದದ ಅಳತೆಯೇ ಇರುತ್ತದೆ, ‘ಕನ್ನಡ’ ಇಡಿಯಾಗಿ ಹೊಳೆಯುತ್ತದೆ. ರೀಇಂಡೆಕ್ಸ್ (ಲೇಖನಗಳನ್ನೆಲ್ಲ ಮತ್ತೆ ಇಂಡೆಕ್ಸ್‌ಗೆ ಸೇರಿಸುವುದು) ಮಾಡಲೇಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ಉತ್ತರ 3:
ರೆಗೆಕ್ಸ್ ಬಿಟ್ಟಿದ್ದು ಒಳ್ಳೇದಾಯ್ತು. ಯಾರಾದರೂ ಸುಮ್ನೆ ಒಂದು ಆವರಣ ಚಿಹ್ನೆ ಟೈಪ್ ಮಾಡಿದರೆ ಸಾಕು, ರೆಗೆಕ್ಸ್ ಕೆಟ್ಟು ನಮ್ಮ ಪುಟ ಬಿದ್ದೇ ಹೋಗುತ್ತಿತ್ತು. ಇನ್ನೊಂದು ವಿಷಯ, ಹೈಲೈಟರ್‌ನ ಎನ್‌ಕೋಡರ್ ಸೆಟ್ಟಿಂಗ್ ಅನ್ನು ಎಚ್‌ಟಿಎಂಎಲ್‌ಗೆ ಬದಲಿಸಿ. ಇಲ್ಲದಿದ್ದರೆ ಲೇಖನದೊಳಗೆ ಯಾರೋ ಬರೆದ ಸ್ಕ್ರಿಪ್ಟ್ ಟ್ಯಾಗ್ ಇದ್ದ ಹಾಗೇ ನಿಮ್ಮ ಪುಟಕ್ಕೆ ಬಂದು ಕೂರುತ್ತದೆ. ಬೋಲ್ಡ್ ಬದಲು ಬರೀ ಹಿನ್ನೆಲೆ ಬಣ್ಣ ಕೊಡಿ, ಬೋಲ್ಡ್ ಆದಾಗ ಸಾಲಿನ ಅಗಲ ಬದಲಾಗಿ ಕಣ್ಣಿಗೆ ಕಿರಿಕಿರಿ.

ಪ್ರಶ್ನೆ ಕೇಳಿದವರು:
ಹೌದು, ಟೋಕನೈಜರೇ! ಫಿಲ್ಟರ್‌ಗೆ ಬದಲಿಸಿ ರೀಇಂಡೆಕ್ಸ್ ಮಾಡಿದೆ, ಯೂನಿಫೈಡ್ ಹಾಕಿದೆ, ಪದ ಪೂರ್ತಿ ಬರುತ್ತಿದೆ. ಆದರೆ ಉದ್ದದ ವಾಕ್ಯಗಳು ಅರ್ಧಕ್ಕೇ ತುಂಡಾಗುತ್ತಿವೆಯಲ್ಲ?

ಉತ್ತರ 2:
ತುಣುಕಿನ ಅಳತೆ ಮೊದಲೇ 100 ಅಕ್ಷರಕ್ಕೆ ಇಟ್ಟಿರುತ್ತದೆ. ನಮ್ಮ ವಾಕ್ಯಗಳಿಗೆ ಅದು ಎಲ್ಲಿ ಸಾಲುತ್ತೆ! 0 ಕೊಡಿ, ಯೂನಿಫೈಡ್ ಯಾವ ವಾಕ್ಯವನ್ನೂ ಕತ್ತರಿಸಲ್ಲ. ತೀರಾ ಜಾಸ್ತಿ ಆಯ್ತು ಅನ್ನಿಸಿದರೆ 250 ಇಟ್ಟು ನೋಡಿ.